ತಾಯಿಬೇರಿಲ್ಲದ ಬೇವಿನ ಬೊಡ್ಡೆ

ಜೆಸಿಬಿ ಹೋಗದ ಸಂದಿಯಲ್ಲಿ ಬೊಡ್ಡೆ ಇದ್ದರೆ ಜನರಿಗೆ ನನ್ನ ನೆನಪಾಗುತ್ತದೆ. ಆ ಯಂತ್ರಕ್ಕೆ ಆಗದ್ದು ನನಗೆ ಆಗುತ್ತದೆ ಎಂದು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಸದಲಗಾದಿಂದ ಅಥಣಿಯವರೆಗೆ ಕೈಯಿಂದ ಬೊಡ್ಡೆ ಕೀಳುವವರು ಇನ್ನೂ ಕೆಲವರು ಇದ್ದಾರೆ. ಬೊಡ್ಡೆಯ ಮುಖ ನೋಡಿ ಬೇರು ಎತ್ತ ಓಡಿದೆ ಎಂದು ಹೇಳುವವನು ಒಬ್ಬನೇ. ಅವನಿಗೆ ಕಿವಿಯ ಕಡೆ ತಿರುಗಿಸಿದ ಬಿಳಿ ಮೀಸೆ ಇದೆ. ಆ ಮೀಸೆಯ ಮಾತು ಮುಂದೆ ಬರುತ್ತದೆ, ಅದಕ್ಕೇ ಈಗಲೇ ಹೇಳಿಟ್ಟೆ.

ಆ ಸಲ ಕರೆ ಬಂದದ್ದು ಕೊಕಟನೂರ ಕಡೆಯ ಒಂದು ಹಳ್ಳಿಯಿಂದ. ಕರೆದವಳು ಬಸ್ಸಿನ ಕಂಡಕ್ಟರ್. ಹಿತ್ತಲಿನ ಬೇವಿನ ಮರ ಗಾಳಿಗೆ ವಾಲಿ ತಗಡಿನ ಮೇಲೆ ಒರಗಿತ್ತಂತೆ, ಕಡಿಸಿ ಮಾರಿದ್ದರು. ಉಳಿದದ್ದು ಬೊಡ್ಡೆ. ಅದೇ ಜಾಗದಲ್ಲಿ ಒಂದು ಕೋಣೆ ಎಬ್ಬಿಸಬೇಕು, ಗೌಂಡಿ ಬಂದು ನೋಡಿ, ಬೊಡ್ಡೆ ತೆಗೆಯದೆ ಬುನಾದಿಗೆ ಗುದ್ದಲಿ ಹಾಕುವುದಿಲ್ಲ ಎಂದಿದ್ದ. ಹಿತ್ತಲಿಗೆ ಹೋಗುವ ದಾರಿ ಎರಡು ಮನೆಗಳ ನಡುವಿನ ಸಂದಿ. ಎಮ್ಮೆ ಹೋಗಬಹುದು, ಅದೂ ಉಪವಾಸ ಇದ್ದ ಎಮ್ಮೆ.

ನನ್ನ ಜೋಡೀದಾರ ನಿಪ್ಪಾಣಿ ಕಡೆಯವನು, ತಂಬಾಕಿನ ಹೊಲದಲ್ಲಿ ಬೆಳೆದವನು, ನನಗಿಂತ ಚಿಕ್ಕವನು, ಎತ್ತಿನ ಕುತ್ತಿಗೆ. ನಾನು ಅವನನ್ನು ಅಳಿಯಾ ಎನ್ನುತ್ತೇನೆ, ಅವನು ನನ್ನನ್ನು ಮಾಮಾ ಎನ್ನುತ್ತಾನೆ. ನೆಂಟಸ್ತಿಕೆ ಏನೂ ಇಲ್ಲ, ಬೈದಾಡಲು ಅನುಕೂಲವೆಂದು ಇಟ್ಟುಕೊಂಡದ್ದು. ಅವನ ಹೆಗಲ ಮೇಲೆ ಯಾವಾಗಲೂ ಒಂದು ಹಾರೆ. ಲಾರಿಯ ಅಚ್ಚು ಕಾಯಿಸಿ ಬಡಿಸಿದ್ದು, ತಲೆಯ ಕಡೆ ಗುಂಡಗೆ ಉಬ್ಬು ಬಿಡಿಸಿದ್ದು, ನಡುವೆ ಹೆಂಡತಿಯ ಹೆಸರು ಕೆತ್ತಿಸಿದ್ದು. ಹೆಂಡತಿಯ ಹೆಸರಿಟ್ಟರೆ ಹಾರೆ ಹೇಳಿದ ಮಾತು ಕೇಳುತ್ತದೆಯೇ ಎಂದು ನಾನು ಕೇಳಿದ್ದುಂಟು.

ಹಿತ್ತಲಿನಲ್ಲಿ ನಮ್ಮನ್ನು ಕಂಡ ಕೂಡಲೇ ಕಂಡಕ್ಟರ್ ಕೇಳಿದಳು: "ಮುತ್ಯಾ, ನಿಮ್ಮ ಕೈಯಾಗ ಇದು ಆಗತೈತೇನ್ರಿ?"

"ಮುತ್ಯಾ ಯಾರಿಗಂದಿ ತಂಗೀ? ಕಾಕಾ ಅನ್ನು. ಮೀಸಿ ಬೆಳ್ಳಗ ಆಗಿದ್ದು ವಯಸ್ಸಿಗಲ್ಲ, ಚಿಂತಿಗೆ. ಇಂಥಾ ಅಳಿಯಾನ್ನ ಕಟಗೊಂಡೇನಿ."

"ಆಗಲ್ರಿ ಮುತ್ಯಾ. ಚಾ ಮಾಡ್ಲೇನ್ರಿ?"

ಹೆಣ್ಣುಮಗಳು ಗಟ್ಟಿ. ದಿನವಿಡೀ ಬಸ್ಸಿನಲ್ಲಿ ನನ್ನಂಥವರನ್ನು ಎಷ್ಟು ಜನರನ್ನು ನೋಡುತ್ತಾಳೋ.

ಬೊಡ್ಡೆ ಕೀಳುವುದಕ್ಕೆ ಒಂದು ಕ್ರಮವಿದೆ. ಸುತ್ತಲೂ ಕೊಡಲಿ ಬೀಸುವಷ್ಟು ಜಾಗ ಬಿಟ್ಟು ಕಾಲುವೆಯ ಹಾಗೆ ತೋಡಬೇಕು. ಬೇರು ಸಿಕ್ಕಲ್ಲಿ ಮಣ್ಣನ್ನು ಕೈಯಿಂದ ಕೆರೆದು ತೆಗೆಯಬೇಕು, ಮಣ್ಣಿನ ಮೇಲೆ ಕೊಡಲಿ ಹಾಕಿದರೆ ಬಾಯಿ ಮೊಂಡಾಗುತ್ತದೆ. ಪ್ರತಿ ಬೇರನ್ನೂ ಎರಡು ಕಡೆ ಕಡಿದು ನಡುವಿನ ತುಂಡು ಹೊರಗೆ ಹಾಕಬೇಕು. ಒಂದೇ ಕಡೆ ಕಡಿದರೆ ಮುಂದೆ ಬೊಡ್ಡೆಯನ್ನು ಅಲುಗಾಡಿಸುವಾಗ ಕಡಿದ ತುದಿಗಳು ಒಂದಕ್ಕೊಂದು ತಾಗಿ ತಡೆ ಹಾಕುತ್ತವೆ. ಹೀಗೆ ಪಕ್ಕದ ಬೇರುಗಳೆಲ್ಲ ಹೋದ ಮೇಲೆ ಉಳಿಯುವುದು ತಾಯಿಬೇರು. ಅದು ಬೊಡ್ಡೆಯ ಕೆಳಗಿನಿಂದ ನೆಟ್ಟಗೆ ಪಾತಾಳಕ್ಕೆ ಹೋಗಿರುತ್ತದೆ. ಅದನ್ನು ಕಡಿದವನೇ ಬೊಡ್ಡೆ ಕಿತ್ತವನು, ಮಿಕ್ಕವರೆಲ್ಲ ಮಣ್ಣು ಹೊತ್ತವರು.

ಮೊದಲ ದಿನ ಕಾಲುವೆ ತೋಡಿ ಪಕ್ಕದ ಬೇರುಗಳನ್ನು ಬಿಡಿಸಿದೆವು. ಅಳಿಯ ಸೊಂಟದ ಮಟ್ಟ ಕೆಳಗೆ ನಿಂತು ಕೊಡಲಿ ಹಾಕುತ್ತಿದ್ದ, ನಾನು ಮೇಲೆ ಕುಳಿತು ಬುಟ್ಟಿ ಎಳೆಯುತ್ತಿದ್ದೆ. ಸುಮ್ಮನೆ ಬುಟ್ಟಿ ಎಳೆದರೆ ನನ್ನ ಬಾಯಿ ತುರಿಸುತ್ತದೆ. ಅವನ ಹಿಂದೆ ಒಂದು ಬೇರಿನ ತುಂಡನ್ನು ಮೆಲ್ಲಗೆ ಇಳಿಬಿಟ್ಟು, "ಹಾವು ಲೇ" ಎಂದೆ. ಕೊಡಲಿ ಒಂದು ಕಡೆ, ಟೊಪ್ಪಿಗೆ ಒಂದು ಕಡೆ, ಅವನು ಮಣ್ಣಿನ ಗುಡ್ಡೆಯ ಮೇಲೆ. ಕಂಡಕ್ಟರ್ ಚಹಾದ ಲೋಟಗಳನ್ನು ಅಲ್ಲೇ ಇಟ್ಟು ಒಳಗೆ ಓಡಿ ಕೋಲು ತಂದಳು. ಬೇರು ನೋಡಿದ ಮೇಲೆ ಅದೇ ಕೋಲನ್ನು ನನ್ನ ಕಡೆ ತೋರಿಸಿದಳು.

ಚಹಾ ಕುಡಿಯುವಾಗ ಅವರಿಬ್ಬರ ಸಿಟ್ಟು ಇಳಿಯಲೆಂದು ನನ್ನ ಹರೆಯದ ಕಥೆ ಹೇಳಿದೆ. ಗಡಿಯಾಚೆ ಸಾಂಗ್ಲಿ ಕಡೆ ಅರಿಷಿಣವನ್ನು ನೆಲದೊಳಗಿನ ಕುಣಿಯಲ್ಲಿ ತುಂಬಿಡುತ್ತಾರೆ. ಅಲ್ಲಿ ಅದಕ್ಕೆ ಪೇವ ಎನ್ನುತ್ತಾರೆ, ನಮ್ಮ ಕಡೆ ಜೋಳ ಇಡುವ ಹಗೇವು ಇದ್ದ ಹಾಗೆಯೇ. ಬಾಯಿ ಬುಟ್ಟಿಯಷ್ಟು ಅಗಲ, ಹೊಟ್ಟೆ ಮನೆಯಷ್ಟು. ಆ ಕುಣಿಗಳಲ್ಲಿ ನಾನು ಇಳಿದು ಚೀಲ ಏರಿಸಿದವನು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಕಂದೀಲು ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ದೀಪ ಬಿಡದೆ ಇಳಿದ ಒಬ್ಬನನ್ನು ಹಗ್ಗ ಹಾಕಿ ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟೂ ನಿಜ. ಆಮೇಲೆ, ಮೈಗೆ ಹತ್ತಿದ ಅರಿಷಿಣ ಹೋಗದೆ ನನ್ನನ್ನು ಮದುವಣಿಗನೆಂದು ತಿಳಿದು ಎರಡು ಊರಿನಲ್ಲಿ ಆರತಿ ಎತ್ತಿದರು ಎಂದೂ ಸೇರಿಸಿದೆ. ಚಹಾ ಇನ್ನೂ ಉಳಿದಿತ್ತು, ಏನು ಮಾಡಲಿ.

"ಮಾಮಾ," ಅಳಿಯ ಲೋಟ ಕೆಳಗಿಟ್ಟ, "ನಿನ್ನ ಮಾತಿನ್ಯಾಗ ಖರೇ ಯಾವದು ಅಂತ ಹುಡಕಾಕ ಒಂದ ಕಂದೀಲ ಬೇಕು."

ಸಂಜೆ ಹೊರಡುವ ಮೊದಲು ಕಾಲುವೆಯ ತುಂಬ ನೀರು ಬಿಟ್ಟೆವು. ಅದೂ ಕ್ರಮವೇ. ರಾತ್ರಿಯೆಲ್ಲ ಮಣ್ಣು ನೆನೆದರೆ ಬೆಳಿಗ್ಗೆ ತಾಯಿಬೇರಿನ ಸುತ್ತ ಕೈಯಿಂದ ತೆಗೆಯಬಹುದು. ಗಟ್ಟಿ ನೆಲದಲ್ಲಿ ಬೆಳಿಗ್ಗೆಗೂ ಸ್ವಲ್ಪ ನೀರು ನಿಂತಿರುತ್ತದೆ, ಅದನ್ನು ಮೊಗೆದು ಹಾಕಿ ಕೆಲಸ ಶುರು ಮಾಡುತ್ತೇವೆ.

ಮರುದಿನ ಬಂದು ನೋಡಿದರೆ ಒಂದು ತಂಬಿಗೆ ನೀರೂ ಇರಲಿಲ್ಲ. ಕಾಲುವೆಯ ತಳ ಒದ್ದೆ, ಅಷ್ಟೇ.

"ಎಲ್ಲಾ ನೀ ಕುಡದೀ ಏನ್ಲೇ ಅಳಿಯಾ?" ಎಂದೆ. ಇಲಿಯ ಬಿಲ ಇರಬೇಕೆಂದುಕೊಂಡೆ. ಬೇರಿನ ಮುಖ ನೋಡಿ ಎಲ್ಲ ಹೇಳುವವನು ನೀರಿನ ಮುಖ ನೋಡಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಅಳಿಯ ಬೊಡ್ಡೆಯ ಕೆಳಗಿನ ಮಣ್ಣನ್ನು ಗೂಡಿನ ಹಾಗೆ ಕೊರೆದಿದ್ದ. ಅಲ್ಲಿ ತಾಯಿಬೇರು ಸಿಗಬೇಕು. ಸಿಗಲಿಲ್ಲ. ತಾಯಿಬೇರಿನ ಜಾಗದಲ್ಲಿ ತೊಡೆಯಷ್ಟು ದಪ್ಪದ ಮೂರ್ನಾಲ್ಕು ಬೇರುಗಳು ಅಗಲವಾಗಿ ಕವಲೊಡೆದು, ದೊಡ್ಡ ಗಡಿಗೆಯನ್ನು ಮೇಲಿನಿಂದ ಬೆರಳಲ್ಲಿ ಹಿಡಿದ ಹಾಗೆ ಸುತ್ತಲೂ ಕೆಳಗಿಳಿದಿದ್ದವು. ಬೇವು ಹಾಗೆ ಬೆಳೆಯುವುದಿಲ್ಲ. ನಡುವೆ ಏನೋ ಇದ್ದರೆ ಮಾತ್ರ ಬೆಳೆಯುತ್ತದೆ.

ಅಳಿಯ ಎತ್ತಿಕೊಟ್ಟ ಬುಟ್ಟಿಯ ಮಣ್ಣಿನಲ್ಲಿ ಕಪ್ಪಗಾದ ಕಣಿಕೆಯ, ಅಂದರೆ ಜೋಳದ ದಂಟಿನ, ಚೂರುಗಳಿದ್ದವು. ಒಂದನ್ನು ಮೂಸಿದೆ. ಹುಳಿತ ಹಿಟ್ಟಿನ ವಾಸನೆ. ಹಗೇವಿನ ಗೋಡೆಗೆ, ಬಾಯಿಗೆ ಕಣಿಕೆ ಒತ್ತುತ್ತಾರೆ, ಕಾಳಿಗೆ ಮಣ್ಣು ತಾಗಬಾರದೆಂದು.

"ಅಳಿಯಾ, ಹಾರಿ ಹಾಕಬ್ಯಾಡ. ಮ್ಯಾಲ ಬಾ."

"ಹಾವ ಐತೇನ?" ಎಂದು ನಗುತ್ತಲೇ ಹಾರೆ ಎತ್ತಿ ಹೊಡೆದ.

ಸದ್ದು ಬರಬೇಕಾದ ಹಾಗೆ ಬರಲಿಲ್ಲ, ಖಾಲಿ ಹಂಡೆಯ ಮೇಲೆ ಹೊಡೆದ ಹಾಗೆ ಬಂತು. ಮರುಕ್ಷಣ ಅವನ ಮುಂದಿನ ನೆಲ ಬುಟ್ಟಿಯಗಲ ಕುಸಿಯಿತು. ಹಾರೆ ಅವನ ಕೈಯಿಂದ ಜಾರಿ ಒಳಗೆ ಹೋಯಿತು. ಕೆಳಗೆ ಎಲ್ಲೋ ಪಚಕ್ ಎಂದಿತು. ಮೇಲೆ ಬೊಡ್ಡೆ ಒಂದು ಸಲ ನರಳಿ, ಉಳಿದ ಬೇರುಗಳ ಮೇಲೆ ನಿಂತುಕೊಂಡಿತು.

ಅಳಿಯ ಕಾಲುವೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಉಸಿರು ಬಿಟ್ಟ ಮೇಲೆ ಅವನ ಮೊದಲ ಮಾತು: "ಹಾರಿ ಹೋತಲ್ಲ ಮಾಮಾ."

ಕಂಡಕ್ಟರ್ ಓಡಿ ಬಂದು ಮೊಬೈಲಿನ ಬೆಳಕು ಬಿಟ್ಟಳು. ಕೆಳಗೆ ಆಳಿನೆತ್ತರಕ್ಕಿಂತ ಸ್ವಲ್ಪ ಹೆಚ್ಚು ಆಳದಲ್ಲಿ ಕಪ್ಪು ರಾಡಿ, ಅದರಲ್ಲಿ ನೆಟ್ಟಗೆ ನಿಂತ ಹಾರೆ. ನಿನ್ನೆ ನಾವು ಬಿಟ್ಟ ನೀರೆಲ್ಲ ಅಲ್ಲಿ ಸೇರಿ, ಯಾರದೋ ಕಾಲದ ಕಾಳನ್ನು ಕೊಳೆಸುತ್ತಿತ್ತು.

"ನಮ್ಮತ್ತಿ ಹೇಳತಿದ್ಲು, ಹಳೇ ಮಂದಿ ಹಗೇವಿನ್ಯಾಗ ಜ್ವಾಳ ಇಡ್ತಿದ್ರಂತ," ಎಂದಳು ಕಂಡಕ್ಟರ್. "ಆದ್ರ ಈ ಹಿತ್ತಲದಾಗ ಒಂದ ಐತಿ ಅಂತ ಯಾರಿಗೂ ಗೊತ್ತಿದ್ದಿಲ್ರಿ. ಈ ಮನಿ ನಾವು ಕೊಂಡಿದ್ದು."

ಅಳಿಯ ಆಗಲೇ ಲುಂಗಿ ಎತ್ತಿ ಕಟ್ಟುತ್ತಿದ್ದ. ಕುಣಿಯ ಬಾಯಿಯಿಂದ ಬೇರುಗಳು ಒಳಕ್ಕೆ ಇಳಿಬಿದ್ದಿದ್ದವು, ನಿಚ್ಚಣಿಕೆ ಇಟ್ಟ ಹಾಗೆ.

"ಇಳೀಬ್ಯಾಡ," ಎಂದೆ. "ಒಳಗ ಗಾಳಿ ಕೆಟ್ಟಿರತೈತಿ. ಕೊಳತ ಕಾಳು ಗಾಳಿ ತಿಂತಾವ. ಇಳದಾಂವ ಏರೂದಿಲ್ಲ."

"ಹೌದ ಹೌದ. ಆಮ್ಯಾಲ ಎರಡ ಊರಾಗ ಆರತಿ ಎತ್ತತಾರ."

"ನಗೂ ಮಾತಲ್ಲಲೇ ಇದು."

"ನಿನ್ನಿ ಹಾವಂದಿ. ಹೋದ ತಿಂಗಳ ಚಿಕ್ಕೋಡ್ಯಾಗ ಬೊಡ್ಡಿ ತೆಳಗ ದೇವರ ಐತಿ ಅಂತ ನನ್ನ ಕಡೆ ಕಾಯಿ ಒಡಿಸಿದಿ. ಈಗ ಗಾಳಿ ಅಂತಿ. ಕಾಳಿನ ಕುಣಿ ಐತಿ ಮಾಮಾ, ಹುಲಿ ಗವಿ ಅಲ್ಲ. ಅಕಿ ಹೆಸರಿನ ಹಾರಿ ಬಿಟ್ಟ ನಾ ಮನಿಗೆ ಹ್ಯಾಂಗ ಹೋಗಲಿ?"

ನಾನು ಕಾಲುವೆಗೆ ಇಳಿದು ಅವನ ರಟ್ಟೆ ಹಿಡಿದೆ. ಅವನು ಬಿಡಿಸಿಕೊಂಡ, ಸಿಟ್ಟಿನಿಂದಲ್ಲ, ಮಗುವಿನ ಕೈ ಬಿಡಿಸಿದ ಹಾಗೆ. ನನ್ನ ವಯಸ್ಸು ಎಷ್ಟೆಂದು ಆಗ ನನಗೆ ನೆನಪಾಯಿತು. ಕೈಯಿಂದ ಇವನನ್ನು ತಡೆಯಲು ಆಗುವುದಿಲ್ಲ. ನಿಜ ಹೇಳಿದರೆ ನಂಬುವುದಿಲ್ಲ. ಮತ್ತೊಂದು ಸುಳ್ಳು ಹೇಳಿದರೆ, ಅದನ್ನೂ ನಂಬುವುದಿಲ್ಲ. ಉಳಿದದ್ದು ಒಂದೇ. ಇವನು ಪೈಜಕ್ಕೆ, ಪಂದ್ಯಕ್ಕೆ, ಎಂದೂ ಬೆನ್ನು ತೋರಿಸಿದವನಲ್ಲ. ಉಣ್ಣುವುದನ್ನು ಬಿಟ್ಟು ಬಂದು ಪೈಜ ಕಟ್ಟುತ್ತಾನೆ.

"ಪೈಜ," ಎಂದೆ. "ದೀಪ ಬಿಡತೇನಿ. ಆರಲಿಲ್ಲಂದ್ರ ನನ್ನ ಮೀಸಿ ನೀ ತೆಗಿ. ನಿನ್ನ ಕೈಲೇ."

ಅವನ ಕಾಲು ಬೇರಿನ ಮೇಲೆಯೇ ನಿಂತಿತು. ಈ ಮೀಸೆಯ ಮೇಲೆ ಅವನ ಕಣ್ಣು ಬಹಳ ಕಾಲದಿಂದ ಇತ್ತು. ಎಷ್ಟೋ ಚೇಷ್ಟೆಗಳ ಬಾಕಿ ಅದರ ಮೇಲೆ ಬರೆದಿಟ್ಟಿದ್ದ.

"ಪೂರಾ ಮೀಸಿ?"

"ಪೂರಾ."

"ಅಕ್ಕಾರ, ನೀವ ಸಾಕ್ಷಿ," ಎಂದು ಅವನು ಮೇಲೆ ಬಂದ.

ತಂಬಿಗೆಯಲ್ಲಿ ದೀಪ ಇಟ್ಟರೆ ತಂಬಿಗೆಯಿಂದಲೇ ಆರಿತು ಎಂದು ತಕರಾರು ತೆಗೆಯುತ್ತಾನೆ. ಅದಕ್ಕೆ ಕಂಡಕ್ಟರ್ ಅಟ್ಟದಿಂದ ಹಳೆಯ ತಕ್ಕಡಿಯ ಒಂದು ತಟ್ಟೆ ಇಳಿಸಿದಳು. ಅದರ ಮೇಲೆ ಪಣತಿ, ತುಂಬ ಎಣ್ಣೆ, ದಪ್ಪ ಬತ್ತಿ. ಕುಣಿಯ ಬಾಯಿಗೆ ಅಡ್ಡವಾಗಿ ಹಲಗೆ ಹಾಕಿ, ಕಾಲುವೆಯ ಅಂಚಿನಲ್ಲಿ ಕುಳಿತು ನಾನು ಹಗ್ಗ ಬಿಟ್ಟೆ. ತಟ್ಟೆ ಬಾಯಿ ದಾಟಿತು. ಜ್ವಾಲೆ ಬಾಗಿತು, ಎದ್ದಿತು. ತೋಳುದ್ದ ಇಳಿಯಿತು. ಉರಿಯುತ್ತಲೇ ಇತ್ತು.

"ಮುಗೀತು," ಎಂದ ಅಳಿಯ.

"ಇನ್ನೂ ತೆಳಗ ಬಿಡಬೇಕಲೇ. ಕೆಟ್ಟ ಗಾಳಿ ನೀರಿನ ಹಾಂಗ ತಳದಾಗ ನಿಂದರತೈತಿ. ಬಾಯಾಗ ಹೊರಗಿನ ಗಾಳಿ ಆಡತೈತಿ."

"ಪೈಜ ಕಟ್ಟುವಾಗ ಎಷ್ಟ ತೆಳಗ ಅಂತ ಹೇಳಿದ್ದಿ? ಕುಣಿಯಾಗ ದೀಪ ಉರಿಯಾಕತ್ತೈತಿ. ಅಕ್ಕಾರ, ಉರಿಯಾಕತ್ತೈತಿಲ್ಲ?"

"ಉರಿಯಾಕತ್ತೈತ್ರಿ," ಎಂದಳು ಕಂಡಕ್ಟರ್. ಅವಳು ಸುಳ್ಳು ಹೇಳುವ ಹೆಣ್ಣಲ್ಲ, ಆ ಹೊತ್ತಿಗೆ ಸ್ವಲ್ಪ ಹೇಳಿದ್ದರೆ ಚೆನ್ನಾಗಿತ್ತು.

ಅಳಿಯ ಮತ್ತೆ ಕಾಲುವೆಗೆ ಇಳಿದು ಹಲಗೆ ಸರಿಸಿದ. ಒಂದು ಕಾಲು ಬೇರಿನ ಮೇಲೆ ಇಟ್ಟು ಭಾರ ನೋಡಿದ. ಇನ್ನೊಂದು ಕಾಲು ಎತ್ತಿದರೆ ಅವನು ಒಳಗೆ.

"ಅಳಿಯಾ," ಎಂದೆ. "ಮೊದಲ ಮೀಸಿ ತಗೀ. ಪೈಜ ಸೋತ ಮೀಸಿ ಇಟಗೊಂಡ ನಾ ಕುಂದ್ರಾಂವಲ್ಲ. ನೀ ಇಳದ ಏರೂದ್ರಾಗ ನನ್ನ ಮನಸ್ಸ ಬದಲಾದೀತು, ನಂದು ನಿನಗ ಗೊತ್ತೈತಿ."

ಅವನಿಗೆ ಗೊತ್ತಿತ್ತು. ಆ ಕಾಲು ಹಿಂದಕ್ಕೆ ಬಂತು.

ಕಂಡಕ್ಟರಳ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ, ಅವನ ದಾಡಿಯ ಸಾಮಾನು ಹೊರಗೆ ಬಂತು. ನಾನು ಅಂಚಿನಲ್ಲೇ ಕುಳಿತೆ, ಹಗ್ಗ ಬಲಗೈಯಲ್ಲಿ, ಕೈ ಮೊಣಕಾಲಿನ ಹಿಂದೆ. ಅಳಿಯ ಕುಣಿಗೆ ಬೆನ್ನು ಮಾಡಿ ನನ್ನ ಮುಂದೆ ನಿಂತ. ಕಂಡಕ್ಟರ್ ನನ್ನ ಹಿಂದೆ ನಿಂತು ಅವನಿಗೆ ನೀರಿನ ಬಟ್ಟಲು ಹಿಡಿದಳು. ಅವಳ ಕಣ್ಣು ನೇರವಾಗಿ ಕುಣಿಯ ಮೇಲೆ.

ಸೋಪಿನ ನೊರೆ ಮೂಗಿನ ಕೆಳಗೆ ತಣ್ಣಗೆ ಹರಡಿತು. ನಾನು ಹಗ್ಗವನ್ನು ಒಂದು ಬೆರಳಷ್ಟು ಬಿಟ್ಟೆ.

"ಸಾವಕಾಶ ತಗೀಲೇ. ಬೊಡ್ಡಿ ಕೀಳಾಕ ಬಂದಾಂವನ ಹಾಂಗ ಎಳೀಬ್ಯಾಡ."

"ಸುಮ್ಮ ಕುಂದರ ಮಾಮಾ, ತುಟಿ ಹೋದೀತು. ತುಟಿ ಹೋದ್ರ ಸುಳ್ಳ ಹ್ಯಾಂಗ ಹೇಳ್ತಿ?"

ಎಡಗಡೆಯ ತುದಿಯಲ್ಲಿ ಬ್ಲೇಡು ಶುರುವಾಯಿತು. ಕೂದಲು ಕತ್ತರಿಸುವ ಸದ್ದು ತಲೆಯೊಳಗೇ ಕೇಳಿಸುತ್ತದೆ ಎಂದು ಅಂದೇ ಗೊತ್ತಾದದ್ದು. ಇನ್ನೊಂದು ಬೆರಳು ಬಿಟ್ಟೆ. ಹೆಚ್ಚು ಬಿಟ್ಟರೆ ತಟ್ಟೆ ಬೇರಿಗೆ ತಾಗಿ ಸದ್ದಾಗುತ್ತದೆ, ಅವನು ತಿರುಗುತ್ತಾನೆ. ಕಡಿಮೆ ಬಿಟ್ಟರೆ ಮೀಸೆ ಮೊದಲು ಮುಗಿಯುತ್ತದೆ. ನಾನು ಜೀವಮಾನದಲ್ಲಿ ಎಷ್ಟೋ ಬುಟ್ಟಿಗಳನ್ನು ಹಗ್ಗದಿಂದ ಇಳಿಸಿದ್ದೇನೆ, ಅಷ್ಟು ಮೆಲ್ಲಗೆ ಯಾವುದನ್ನೂ ಇಳಿಸಿಲ್ಲ. ಅಂಗೈ ಬೆವರಿ ಹಗ್ಗ ಜಾರತೊಡಗಿತ್ತು. ಅವನ ಮುಖ ನನ್ನ ಮುಖದ ಹತ್ತಿರ, ನಾಲಿಗೆಯ ತುದಿ ಕಚ್ಚಿಕೊಂಡು ಮನಸ್ಸಿಟ್ಟು ಕೆಲಸ ಮಾಡುತ್ತಿದ್ದ. ಅವನ ಹಿಂದೆ ಬೇರುಗಳ ಮೇಲೆ ದೀಪದ ಬೆಳಕು ಕೆಂಪಗೆ ಆಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಬ್ಲೇಡು ಮೂಗಿನ ನೇರಕ್ಕೆ ಬಂತು. ಅಳಿಯ ಅದನ್ನು ನೀರಿನಲ್ಲಿ ಅದ್ದಿ, ಬಲಗಡೆಗೆ ಕೈ ತಂದ. ಬೇರುಗಳ ಮೇಲಿನ ಬೆಳಕು ಇಲ್ಲವಾಯಿತು.

"ದೀಪ ಹೋತ್ರಿ," ಎಂದಳು ಕಂಡಕ್ಟರ್.

ಅಳಿಯ ತಿರುಗಿದ. ಹಗ್ಗ ನೋಡಿದ, ನನ್ನ ಮೊಣಕಾಲಿನ ಹಿಂದಿನ ಕೈ ನೋಡಿದ.

"ನೀ ಏನೋ ಮಾಡೀದಿ. ಹಗ್ಗ ಅಳ್ಳಾಡಿಸಿದಿ."

"ನೀನ ಬಿಡು. ನಾ ದೂರ ನಿಂದರತೇನಿ."

ಅವನೇ ದೀಪ ಹಚ್ಚಿದ, ಅವನೇ ಹಗ್ಗ ಹಿಡಿದ. ಬಾಯಿಯಿಂದ ಎದೆಮಟ್ಟದ ಆಳದವರೆಗೆ ಉರಿಯಿತು. ಅದಕ್ಕಿಂತ ಒಂದು ಗೇಣು ಕೆಳಗೆ ಜ್ವಾಲೆ ಸಣ್ಣದಾಗಿ, ಬತ್ತಿಯಿಂದ ಮೇಲೆದ್ದ ಹಾಗೆ ಕಂಡು, ಹೋಯಿತು. ಬತ್ತಿಯ ಹೊಗೆ ಮೇಲಕ್ಕೆ ಬರಲಿಲ್ಲ. ಕೆರೆಯ ನೀರಿನ ಮೇಲೆ ಹಾಸಿದ ಹಾಗೆ ಅಡ್ಡಕ್ಕೆ ಹರಡಿ ಅಲ್ಲೇ ನಿಂತಿತು. ಅವನು ಮತ್ತೆ ಹಚ್ಚಿದ. ಮತ್ತೆ ಅದೇ ಜಾಗದಲ್ಲಿ, ಅದೇ ಹಾಗೆ. ಹಾರೆಯ ತಲೆ ಆ ಹೊಗೆಯ ಹಾಸಿಗೆಯ ಕೆಳಗಿತ್ತು.

ಅಳಿಯ ಹಗ್ಗ ಕೆಳಗಿಟ್ಟು ತನ್ನ ಕಾಲು ನೋಡಿಕೊಂಡ. ಬಲಗಾಲಿಗೆ ಬೇರಿನ ಒದ್ದೆ ಮಣ್ಣು ಮೆತ್ತಿತ್ತು. ಅದನ್ನು ಬಹಳ ಹೊತ್ತು ಒರೆಸಿದ. ಕಂಡಕ್ಟರ್ ಒಳಗೆ ಹೋಗಿ ಮತ್ತೆ ಚಹಾ ಇಟ್ಟಳು.

ಆಮೇಲಿನ ಕೆಲಸ ಕೆಲಸದ ಹಾಗೆ ನಡೆಯಿತು. ಕುಣಿಯ ಮೇಲಿನ ಮಣ್ಣನ್ನು ಹೊರಗಿನಿಂದಲೇ ಬೀಳಿಸಿ ಬಾಯಿ ಅಗಲ ಮಾಡಿ, ಗಾಳಿಗೆ ಬಿಟ್ಟೆವು. ಅದರ ಅಂಚಿಗೆ ಯಾರೂ ಕಾಲಿಡದಂತೆ ಉದ್ದ ಹಲಗೆಗಳ ಮೇಲೆ ಮಲಗಿ, ಬಿದಿರಿನ ತುದಿಗೆ ಜಾರುವ ಕುಣಿಕೆ ಕಟ್ಟಿ ಹಾರೆಯ ತಲೆಯ ಉಬ್ಬಿಗೆ ಸಿಕ್ಕಿಸಿ ಎಳೆದೆವು. ರಾಡಿ ಅದನ್ನು ಬಿಡಲು ಒಪ್ಪಲಿಲ್ಲ. ಬಂದ ಮೇಲೆ ಅಳಿಯ ಮೊದಲು ತೊಳೆದದ್ದು ಹೆಂಡತಿಯ ಹೆಸರು. ಬೊಡ್ಡೆಯನ್ನು ಮಾತ್ರ ಕೆಳಗಿನಿಂದ ಮುಟ್ಟಲಿಲ್ಲ. ಹೊರಗಿನ ಬೇರುಗಳನ್ನು ಮೇಲಿನಿಂದಲೇ ಕಡಿದು, ಕುಣಿಯ ವಿರುದ್ಧ ದಿಕ್ಕಿಗೆ ಹಗ್ಗ ಬಿಗಿದು, ಎರಡು ಹಾರೆ ಮೀಟಿ, ದುಂಡು ಕಟ್ಟಿಗೆಗಳ ಮೇಲೆ ಉರುಳಿಸಿದೆವು. ಬೇರಿನ ಬೆರಳುಗಳ ನಡುವೆ ಕಣಿಕೆ, ಮಣ್ಣು ಎಲ್ಲ ಅಂಟಿಕೊಂಡೇ ಬಂದವು. ಗೌಂಡಿ ಬಂದು ಕುಣಿ ನೋಡಿ, ಅದರ ಮೇಲೆ ಬುನಾದಿ ಹಾಕಿದ್ದರೆ ಕೋಣೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ನಿಂತ. ಊರಿನವರೂ ನೋಡಲು ಬಂದರು. ಬೊಡ್ಡೆಯನ್ನು ನೋಡಿದವರು ಕಡಿಮೆ, ನನ್ನ ಮುಖ ನೋಡಿದವರು ಹೆಚ್ಚು. ಬೊಡ್ಡೆ ಹೊರಬರುವವರೆಗೆ ಬಲಗಡೆಯ ಮೀಸೆ ಮುಟ್ಟುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಸೋತದ್ದಕ್ಕೆ ಅರ್ಧ ಹೋಯಿತು, ಗೆದ್ದದ್ದಕ್ಕೆ ಅರ್ಧ ಉಳಿಯಿತು, ಇದರಲ್ಲಿ ನಾಚಿಕೆ ಏನು?

ಊರಿಗೆ ಹೊರಟ ದಿನ ನಾವು ಹತ್ತಿದ ಬಸ್ಸಿನಲ್ಲಿ ಅವಳೇ ಕಂಡಕ್ಟರ್. ಟಿಕೆಟ್ ಹರಿಯುವ ಮೊದಲು ನನ್ನ ಮುಖವನ್ನು ಎರಡೂ ಕಡೆಯಿಂದ ನೋಡಿದಳು.

"ಮುತ್ಯಾ, ನಿಮಗ ಪೂರಾ ಕೊಡ್ಲ್ಯೋ, ಅರ್ಧ ಕೊಡ್ಲ್ಯೋ?"

ಬಸ್ಸೆಲ್ಲ ನಕ್ಕಿತು. ಅಳಿಯ ಮಾತ್ರ ನಗಲಿಲ್ಲ. ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಿಟಕಿಯ ಹೊರಗೆ ಕಬ್ಬು ನೋಡುತ್ತಿದ್ದ.

ಮೀಸೆ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಹಾಳಾದದ್ದು ಬೇರೆಯೇ ಒಂದು. ಮುಂದೆ ರಾಯಬಾಗದಲ್ಲಿ ಒಂದು ಹುಣಸೆಯ ಬೊಡ್ಡೆ ಕೀಳುವಾಗ ಬಾಯಿ ತುರಿಸಿ, "ಹಾವು ಲೇ" ಎಂದೆ. ಅಳಿಯ ನನ್ನ ಮುಖ ಕೂಡ ನೋಡಲಿಲ್ಲ. ಕೊಡಲಿ ಬಿಟ್ಟು ಒಂದೇ ನೆಗೆತಕ್ಕೆ ಮೇಲೆ ಬಂದು, ನನ್ನನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದ.

"ಎಲ್ಲೈತಿ ಮಾಮಾ? ಎತ್ತ ಹೋತು?"

ನಗು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. "ಬಿಲದಾಗ ಹೋತು," ಎಂದೆ. ಅವನು ಕೋಲು ತಂದು, ಇಲ್ಲದ ಹಾವನ್ನು ಇಲ್ಲದ ಬಿಲದಲ್ಲಿ ಹುಡುಕಿದ. ಸಂಜೆಯವರೆಗೆ ನನ್ನನ್ನು ಗುಂಡಿಯ ಹತ್ತಿರ ಬಿಡಲಿಲ್ಲ.

ಹೀಗೆ ನಂಬುವವನ ಜೊತೆ ಚೇಷ್ಟೆ ಮಾಡುವುದು ಹೇಗೆ? ಅಂದಿನಿಂದ ಅವನು ಕೆಳಗೆ ಇರುವಾಗ ನಾನು ನಿಜವನ್ನೇ ಹೇಳುತ್ತೇನೆ. ಅವನು ಮೇಲೆ ಬಂದು ಕೈಕಾಲು ತೊಳೆದು ಚಹಾಕ್ಕೆ ಕುಳಿತ ಮೇಲೆ, ಆ ಹೊತ್ತಿಗೆ ಕಾದಿಟ್ಟದ್ದನ್ನೆಲ್ಲ ಒಟ್ಟಿಗೆ ಬಿಡುತ್ತೇನೆ.